ತ್ರೈರಾಶಿಗೆ ಸಿಗದ ಸರದಿ

ಪ್ರಶ್ನೆ: ನಾನು ಕುಂದಾಪುರ ತಾಲ್ಲೂಕಿನ ನಿವೃತ್ತ ಗಣಿತ ಶಿಕ್ಷಕ. ಮಗ 2009ರಲ್ಲಿ ಓದಲು ಅಮೆರಿಕಕ್ಕೆ ಹೋದವನು, ಈಗ ಡಲ್ಲಾಸ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದಾನೆ. ಗ್ರೀನ್ ಕಾರ್ಡ್‌ಗೆ ಉನ್ನತ ಪದವೀಧರ ನೌಕರರಿಗಿರುವ ಇಬಿ-2 ವರ್ಗದಲ್ಲಿ ಸರದಿಯಲ್ಲಿದ್ದಾನೆ. ಅವನ ದಿನಾಂಕ, ಅಂದರೆ ಸರದಿಗೆ ಸೇರಿದ ದಿನ, 2015ರ ಮಾರ್ಚ್. ಯಾವ ದಿನಾಂಕದವರೆಗಿನವರ ಸರದಿ ಬಂದಿದೆ ಎಂದು ಹೇಳುವ ವೀಸಾ ಬುಲೆಟಿನ್ನನ್ನು ಪ್ರತಿ ತಿಂಗಳು ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಭಾರತದ ಇಬಿ-2 ದಿನಾಂಕ 2024ರ ಸೆಪ್ಟೆಂಬರ್‌ನಲ್ಲಿ 2012 ಜುಲೈ 15 ಇತ್ತು, 2025ರ ಸೆಪ್ಟೆಂಬರ್‌ನಲ್ಲಿ 2013 ಜನವರಿ 1. ಅಂದರೆ ವರ್ಷಕ್ಕೆ ಐದೂವರೆ ತಿಂಗಳು. ಉಳಿದದ್ದು ಇಪ್ಪತ್ತಾರು ತಿಂಗಳು. ತ್ರೈರಾಶಿ ಹಾಕಿದರೆ 2030ರ ಮಧ್ಯಭಾಗ ಬರುತ್ತದೆ. ಲೆಕ್ಕ ಸರಿಯೇ? ಪಕ್ಕದ ಮನೆಯ ಹುಡುಗಿ ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಹೋದವಳಿಗೆ ಎರಡು ವರ್ಷದೊಳಗೆ ಕಾರ್ಡ್ ಸಿಕ್ಕಿತಲ್ಲ! ಮಗ ಧೈರ್ಯಗುಂದಿದ್ದಾನೆ. ಸೊಸೆ ಗಟ್ಟಿಗಿತ್ತಿ, ಕುವೈತ್‌ನಲ್ಲಿ ಹುಟ್ಟಿ, ಏಳು ವರ್ಷದವಳಿದ್ದಾಗ 1990ರ ಯುದ್ಧದಲ್ಲಿ ಅಪ್ಪ ಅಮ್ಮನ ಜೊತೆ ಬರಿಗೈಯಲ್ಲಿ ಊರಿಗೆ ಬಂದವಳು. ಮೊಮ್ಮಗಳು 2008ರ ಮೇ ತಿಂಗಳಲ್ಲಿ ಇಲ್ಲೇ ಹುಟ್ಟಿದವಳು, ಅಲ್ಲಿ ಹೈಸ್ಕೂಲಿನಲ್ಲಿದ್ದಾಳೆ.

ಉತ್ತರ: ಮೇಷ್ಟ್ರೇ, ಲೆಕ್ಕಕ್ಕೆ ಬರುವ ಮೊದಲು ಒಂದು ಕೆಲಸ ಮಾಡಿ. ಇವತ್ತು ಮಗನ ಜೊತೆ ಮಾತಾಡುವಾಗ, ಸೊಸೆಯ ಪಾಸ್‌ಪೋರ್ಟಿನಲ್ಲಿ ಜನ್ಮಸ್ಥಳದ ಎದುರು ಏನು ಬರೆದಿದೆ ಎಂದು ಕೇಳಿ. ಕುವೈತ್ ಎಂದಿದ್ದರೆ ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಸೊಸೆಯನ್ನು ಹೊಗಳುವ ಭರದಲ್ಲಿ ನೀವು ಅರ್ಧ ವಾಕ್ಯದಲ್ಲಿ ದಾಟಿಹೋದ ಆ ಸಂಗತಿ, ತಿಂಗಳು ತಿಂಗಳು ಬರೆದಿಟ್ಟ ದಿನಾಂಕಗಳಷ್ಟನ್ನೂ ಬದಿಗೆ ಸರಿಸಬಲ್ಲದು. ಯಾಕೆ ಎಂಬುದು ಮುಂದೆ. ಹಂತಗಳನ್ನು ಬಿಟ್ಟು ಬರೀ ಉತ್ತರ ಬರೆದರೆ ಗಣಿತದ ಮೇಷ್ಟ್ರು ಅಂಕ ಕೊಡುವುದಿಲ್ಲವೆಂದು ನನಗೆ ಗೊತ್ತಿದೆ, ಆದ್ದರಿಂದ ಮೊದಲು ಲೆಕ್ಕ.

ನಿಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ. ತ್ರೈರಾಶಿಯನ್ನು ಹಾಕಬಾರದ ಕಡೆ ಹಾಕಿದ್ದೀರಿ, ಅಷ್ಟೇ. ನೋಟ್‌ಬುಕ್ಕಿನ ಹಳೆಯ ಪುಟಗಳಿದ್ದರೆ ತಿರುವಿ ನೋಡಿ. 2021ರ ಅಕ್ಟೋಬರ್‌ನಲ್ಲಿ ಭಾರತದ ಇಬಿ-2 ದಿನಾಂಕ 2011 ಸೆಪ್ಟೆಂಬರ್ 1. ಮುಂದಿನ ಸೆಪ್ಟೆಂಬರ್ ಹೊತ್ತಿಗೆ ಅದು 2014 ಡಿಸೆಂಬರ್ 1ಕ್ಕೆ ಬಂದಿತ್ತು. ಹನ್ನೊಂದು ತಿಂಗಳಲ್ಲಿ ಮೂವತ್ತೊಂಬತ್ತು ತಿಂಗಳ ನೆಗೆತ! ನಿಮ್ಮ ಮಗನಿಗೆ ಉಳಿದಿದ್ದದ್ದು ಮೂರು ತಿಂಗಳು ಚಿಲ್ಲರೆ. ಅಂದು ಇದೇ ತ್ರೈರಾಶಿ ಹಾಕಿದ್ದರೆ, ಇನ್ನೊಂದು ತಿಂಗಳೊಳಗೆ ಕೆಲಸ ಆಯಿತು ಎಂಬ ಉತ್ತರ ಬರುತ್ತಿತ್ತು. ಆದದ್ದೇನು? 2022ರ ಅಕ್ಟೋಬರ್ ಪಟ್ಟಿಯಲ್ಲಿ ದಿನಾಂಕ 2012 ಏಪ್ರಿಲ್ 1ಕ್ಕೆ ಬಿತ್ತು, ಡಿಸೆಂಬರ್‌ನಲ್ಲಿ 2011 ಅಕ್ಟೋಬರ್ 8ಕ್ಕೆ, ಮರುವರ್ಷದ ಬೇಸಿಗೆಯ ಹೊತ್ತಿಗೆ 2011 ಜನವರಿ 1ಕ್ಕೆ. ಮಗ ಧೈರ್ಯಗುಂದಿದ್ದು ಆಗಲೇ ಇರಬೇಕು. ಆ ಚಳಿಗಾಲದಲ್ಲಿ ವಲಸೆಯ ಸಲಹೆ ಕೇಳಲು ನನ್ನ ಕಚೇರಿಗೆ ಬಂದವರಲ್ಲಿ ಅರ್ಧದಷ್ಟು ಜನ ಕುರ್ಚಿಯಲ್ಲಿ ಕೂತು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ದಿನಾಂಕ ಹಿಂದಕ್ಕೆ ಹೋಗುವುದು ಎಂದರೆ ಏನು ಸ್ವಾಮಿ, ಕ್ಯಾಲೆಂಡರು ಹಿಂದಕ್ಕೆ ಹೋಗುತ್ತದೆಯೇ?

ಬುಲೆಟಿನ್ನಿನ ದಿನಾಂಕ ಕ್ಯಾಲೆಂಡರ್ ಅಲ್ಲ. ನಿಮ್ಮ ಕಡೆಯ ಕಿಂಡಿ ಅಣೆಕಟ್ಟುಗಳನ್ನು ನೆನಪು ಮಾಡಿಕೊಳ್ಳಿ. ಮಳೆ ಮುಗಿದ ಮೇಲೆ ಹಲಗೆ ಹಾಕುತ್ತಾರೆ, ಮಳೆಗಾಲಕ್ಕೆ ಮೊದಲು ತೆಗೆಯುತ್ತಾರೆ, ನಡುವೆ ಹೊಳೆ ಉಕ್ಕಿದರೆ ಎರಡು ಹಲಗೆ ಎತ್ತುತ್ತಾರೆ. ಹಲಗೆಯ ಎತ್ತರ ನೋಡಿ ಇವತ್ತು ಎಷ್ಟು ನೀರು ಬಿಡುತ್ತಿದ್ದಾರೆ ಎಂದು ಹೇಳಬಹುದು. ಮುಂದಿನ ವರ್ಷ ಎಷ್ಟು ಮಳೆ ಬರುತ್ತದೆ ಎಂದು ಹೇಳಲಾಗುವುದಿಲ್ಲ. ಬುಲೆಟಿನ್ ಹೊರಡಿಸುವುದು ಅಮೆರಿಕದ ವಿದೇಶಾಂಗ ಇಲಾಖೆ. ಅಲ್ಲಿನ ಅಧಿಕಾರಿಯ ಮುಂದೆ ಎರಡು ಅಂಕಿಗಳಿರುತ್ತವೆ: ಈ ವರ್ಷ ಇನ್ನೆಷ್ಟು ವೀಸಾ ಉಳಿದಿವೆ, ಅರ್ಜಿ ಪೂರ್ತಿ ಸಿದ್ಧವಾಗಿ ಕಾಯುತ್ತಿರುವವರು ಎಷ್ಟು ಮಂದಿ. ವೀಸಾ ಹೆಚ್ಚು, ಜನ ಕಡಿಮೆ ಎಂದು ಕಂಡರೆ ದಿನಾಂಕವನ್ನು ಮುಂದಕ್ಕೆ ತಳ್ಳುತ್ತಾನೆ. ಜನ ನುಗ್ಗಿ ಬಂದರೆ ಹಿಂದಕ್ಕೆ ಎಳೆಯುತ್ತಾನೆ. ಅಕ್ಟೋಬರ್ 1ಕ್ಕೆ ಅವರ ವರ್ಷ ಶುರು, ಸೆಪ್ಟೆಂಬರ್ 30ಕ್ಕೆ ಮುಕ್ತಾಯ. ಮೊದಲ ಮೂರು ತ್ರೈಮಾಸಿಕಗಳಲ್ಲಿ ಒಂದೊಂದರಲ್ಲೂ ವರ್ಷದ ಪಾಲಿನ ಶೇ. 27ಕ್ಕಿಂತ ಹೆಚ್ಚು ಖರ್ಚು ಮಾಡಬಾರದೆಂದು ಕಾನೂನೇ ಹೇಳುತ್ತದೆ. ಹಾಗಾಗಿ ಅಲ್ಲಿನ ಬೇಸಿಗೆಯ ಕೊನೆಗೆ ಒಮ್ಮೊಮ್ಮೆ ದೊಡ್ಡ ನೆಗೆತ, ಅಕ್ಟೋಬರ್‌ನಲ್ಲಿ ಒಮ್ಮೊಮ್ಮೆ ದೊಡ್ಡ ಕುಸಿತ.

ಇನ್ನು ಹೊಳೆಗೆ ಬರುವ ನೀರೆಷ್ಟು? 1990ರ ವಲಸೆ ಕಾಯಿದೆ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕನಿಷ್ಠ 1,40,000 ವಲಸೆ ವೀಸಾ ಎಂದು ನಿಗದಿ ಮಾಡಿತು. ಅದರಲ್ಲಿ ಶೇ. 28.6 ಇಬಿ-2 ವರ್ಗಕ್ಕೆ, ಅಂದರೆ 40,040. ಅರ್ಜಿಗಳು ಮಿತಿಮೀರಿದ ದೇಶಕ್ಕೆ ಇದರಲ್ಲಿ ಶೇ. 7 ಮಾತ್ರ. ಗುಣಿಸಿ ನೋಡಿ, ಸುಮಾರು 2,800. ಐಸ್‌ಲ್ಯಾಂಡಿಗೂ ಭಾರತಕ್ಕೂ ಮಿತಿ ಒಂದೇ. ಸಾಲದ್ದಕ್ಕೆ ಹೆಂಡತಿ ಮಕ್ಕಳೂ ಇದೇ 2,800ರೊಳಗೆ ಎಣಿಕೆಯಾಗುತ್ತಾರೆ. ನಿಮ್ಮ ಮಗನ ಮನೆಗೆ ಮೂರು ಬೇಕು. ಹೀಗೆ ಹಂಚಿದರೆ ಭಾರತದಲ್ಲಿ ಹುಟ್ಟಿದವರ ಪಾಲಿಗೆ ಈ ವರ್ಗದಲ್ಲಿ ವರ್ಷಕ್ಕೆ ಒಂಬೈನೂರು ಚಿಲ್ಲರೆ ಸಂಸಾರ. ಬೆಂಗಳೂರಿನ ಒಂದು ದೊಡ್ಡ ಟೆಕ್ ಪಾರ್ಕಿನಿಂದ ಮಧ್ಯಾಹ್ನ ಊಟಕ್ಕೆ ಹೊರಬರುವ ಜನಕ್ಕೂ ಅದು ಸಾಲದು.

ಹಾಗಾದರೆ 2022ರ ನೆಗೆತ ಎಲ್ಲಿಂದ ಬಂತು? ಬೇರೆಯವರು ಬಳಸದೆ ಬಿಟ್ಟ ನೀರಿನಿಂದ. ಒಂದು ವರ್ಷ ಕುಟುಂಬದ ವರ್ಗಗಳಲ್ಲಿ ವೀಸಾ ಉಳಿದರೆ ಅವು ಮರುವರ್ಷ ಉದ್ಯೋಗದ ಕಡೆಗೆ ಹರಿಯುತ್ತವೆ. ಕೋವಿಡ್ ಕಾಲದಲ್ಲಿ ರಾಯಭಾರ ಕಚೇರಿಗಳೇ ಮುಚ್ಚಿದ್ದವು. ಕುಟುಂಬದ ವೀಸಾಗಳು ರಾಶಿ ರಾಶಿ ಉಳಿದವು. 1.40 ಲಕ್ಷ ಇರಬೇಕಾದ ಉದ್ಯೋಗದ ಪಾಲು 2021ರ ಆರ್ಥಿಕ ವರ್ಷದಲ್ಲಿ ಸುಮಾರು 2.62 ಲಕ್ಷಕ್ಕೆ, 2022ರಲ್ಲಿ ಸುಮಾರು 2.81 ಲಕ್ಷಕ್ಕೆ ಏರಿತು. ಒಂದು ವರ್ಗದಲ್ಲಿ ಬೇರೆ ದೇಶದವರು ಮುಗಿಸಲಾಗದ್ದನ್ನು, ಶೇ. 7ರ ಮಿತಿಯನ್ನು ಪಕ್ಕಕ್ಕಿಟ್ಟು, ಸರದಿಯಲ್ಲಿ ಹಳಬರಿಗೆ ಕೊಡಬಹುದು. ಹಳಬರೆಂದರೆ ನಮ್ಮವರೇ. ಹೀಗೆ ಬಂದ ಪ್ರವಾಹ ಅದು. ಹಾಗೆ ಬಂದದ್ದರಲ್ಲೂ 2021ರಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ವೀಸಾ ಕಡತ ನೋಡಲು ಪುರಸೊತ್ತಿಲ್ಲದೆ ವ್ಯರ್ಥವಾದವು. ಆ ಅಂಕಿ ನೆನಪಾದಾಗಲೆಲ್ಲ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಆಮೇಲೆ ಕುಟುಂಬದ ವೀಸಾಗಳು ಎಂದಿನಂತೆ ಖರ್ಚಾಗತೊಡಗಿದವು, ಇಬಿ-2ಗೆ ಇತರ ದೇಶಗಳ ಅರ್ಜಿದಾರರೂ ಹೆಚ್ಚಿದರು. 2022ರ ಡಿಸೆಂಬರ್‌ನಲ್ಲಿ ಅವರಿಗೂ ಗಡಿ ದಿನಾಂಕ ಹಾಕಬೇಕಾಯಿತು. ಮೇಲಿನ ಗದ್ದೆಯವರಿಗೇ ನೀರು ಸಾಲದಾದರೆ ಕೆಳಗಿನ ಗದ್ದೆಗೆ ಎಲ್ಲಿಂದ?

ಆದ್ದರಿಂದ 2030ರ ಮಧ್ಯಭಾಗ ಎಂಬ ನಿಮ್ಮ ಉತ್ತರ ನಿಜವಾಗಲೂಬಹುದು. 2027 ಆಗಲೂಬಹುದು, 2036 ಆಗಲೂಬಹುದು. 2023ರಲ್ಲಿ ಅಮೆರಿಕದ ಕೇಟೋ ಎಂಬ ಸಂಶೋಧನಾ ಸಂಸ್ಥೆಯ ಅಧ್ಯಯನವೊಂದು, ಹೊಸದಾಗಿ ಸರದಿಗೆ ನಿಲ್ಲುವ ಭಾರತೀಯ 134 ವರ್ಷ ಕಾಯಬೇಕೆಂದು ಲೆಕ್ಕ ಹಾಕಿತ್ತು. ನಮ್ಮ ಪತ್ರಿಕೆಗಳಲ್ಲೂ ಆ ಸಂಖ್ಯೆ ಓಡಾಡಿತು. ಅದೂ ಭಾಗಾಕಾರವೇ. ಸರದಿಯ ಉದ್ದವನ್ನು ವರ್ಷದ ಪಾಲಿನಿಂದ ಭಾಗಿಸಿದರೆ ಅಷ್ಟು ಬರುತ್ತದೆ. ಆದರೆ ಸರದಿಯಲ್ಲಿ ನಿಂತವರು ಊರಿಗೆ ಮರಳುತ್ತಾರೆ, ಕೆನಡಾಕ್ಕೆ ಹೋಗುತ್ತಾರೆ, ಅದಕ್ಕಿಂತ ಮೇಲಿನ ಇಬಿ-1 ವರ್ಗಕ್ಕೆ ಜಿಗಿಯುತ್ತಾರೆ, ತೀರಿಕೊಳ್ಳುತ್ತಾರೆ. ನಿಮ್ಮ 2030 ಆಗಲಿ ಅವರ 134 ಆಗಲಿ ನಿದ್ದೆ ಕೆಡಿಸಿಕೊಳ್ಳಬೇಕಾದ ಸಂಖ್ಯೆಯಲ್ಲ.

ಈ ಹಲಗೆ ಹಾಕುವ ಆಟ ಹೊಸದೂ ಅಲ್ಲ. 2007ರ ಜುಲೈ ಬುಲೆಟಿನ್ ಉದ್ಯೋಗದ ಹೆಚ್ಚುಕಡಿಮೆ ಎಲ್ಲ ವರ್ಗಗಳನ್ನೂ ಯಾರು ಬೇಕಾದರೂ ಅರ್ಜಿ ಹಾಕಬಹುದು ಎಂದು ತೆರೆದಿಟ್ಟಿತು. ಜನ ರಜೆ ಹಾಕಿ ವೈದ್ಯಕೀಯ ತಪಾಸಣೆಗೆ ಓಡಿದರು, ಊರಿಗೆ ಹೋಗಿದ್ದ ಹೆಂಡತಿಯನ್ನು ಸಿಕ್ಕಿದ ವಿಮಾನದಲ್ಲಿ ಕರೆಸಿಕೊಂಡರು. ಜುಲೈ 2ರಂದು, ವೀಸಾ ಮುಗಿದಿವೆ, ಯಾರದೂ ತೆಗೆದುಕೊಳ್ಳುವುದಿಲ್ಲ ಎಂಬ ಪ್ರಕಟಣೆ ಬಂತು. ಆಗ ನಮ್ಮವರು ಘೋಷಣೆ ಕೂಗಲಿಲ್ಲ, ವಲಸೆ ಇಲಾಖೆಯ ಮುಖ್ಯಸ್ಥರಿಗೆ ನೂರಾರು ಹೂಗುಚ್ಛ ಕಳಿಸಿದರು. ಆತ ಅವನ್ನು ಸೈನಿಕರ ಆಸ್ಪತ್ರೆಗೆ ರವಾನಿಸಿದ. ಜುಲೈ 17ರಂದು ಇಲಾಖೆ ಹಿಂದೆ ಸರಿದು, ಆಗಸ್ಟ್ 17ರವರೆಗೆ ಅರ್ಜಿ ತೆಗೆದುಕೊಳ್ಳುತ್ತೇವೆ ಎಂದಿತು. ಕಾನೂನೇ ಬದಲಾಗುವ ಆಸೆಯೂ ಒಮ್ಮೆ ಹತ್ತಿರ ಬಂದಿತ್ತು: ಉದ್ಯೋಗದ ವೀಸಾಗಳಲ್ಲಿ ದೇಶವಾರು ಮಿತಿಯನ್ನು ತೆಗೆಯುವ ಮಸೂದೆ 2019ರಲ್ಲಿ ಕೆಳಮನೆಯಲ್ಲಿ 365–65 ಮತಗಳಿಂದ ಗೆದ್ದಿತು, 2020ರ ಡಿಸೆಂಬರ್‌ನಲ್ಲಿ ಮೇಲ್ಮನೆ ಬೇರೆ ರೂಪದಲ್ಲಿ ಒಪ್ಪಿತು, ಎರಡೂ ಒಂದಾಗುವ ಮೊದಲೇ ಅಮೆರಿಕದ ಸಂಸತ್ತಾದ ಆ ಕಾಂಗ್ರೆಸ್‌ನ ಅವಧಿ ಮುಗಿದುಹೋಯಿತು.

ಪಕ್ಕದ ಮನೆಯ ಹುಡುಗಿಯ ವಿಷಯ. ಅವಳು ಈ ಸರದಿಯಲ್ಲೇ ನಿಂತವಳಲ್ಲ. ಪ್ರಜೆಯ ಗಂಡ ಅಥವಾ ಹೆಂಡತಿ, ಮದುವೆಯಾಗದ 21ರೊಳಗಿನ ಮಕ್ಕಳು, ತಂದೆ ತಾಯಿ ಇವರಿಗೆ ಸಂಖ್ಯೆಯ ಮಿತಿಯಿಲ್ಲ. ಕಡತ ಓಡುವಷ್ಟು ಕಾಲ ಕಾದರೆ ಸಾಕು. ಅದೇ ಪ್ರಜೆ ತನ್ನ ಅಣ್ಣ ತಮ್ಮಂದಿರಿಗೆ ಹಾಕಿದ ಅರ್ಜಿಯಾದರೆ 2025ರಲ್ಲೂ ಭಾರತದವರ ಸರದಿ 2006ರಲ್ಲಿತ್ತು. ಅವರಿವರ ಮನೆಯ ಗ್ರೀನ್ ಕಾರ್ಡ್ ಜೊತೆ ಹೋಲಿಸುವುದನ್ನು ದಯವಿಟ್ಟು ಬಿಡಿ.

ಈಗ ಸೊಸೆಯ ಪಾಸ್‌ಪೋರ್ಟಿಗೆ ಬರೋಣ.

ಶೇ. 7ರ ಲೆಕ್ಕದಲ್ಲಿ ದೇಶ ಎಂದರೆ ಪೌರತ್ವದ ದೇಶವಲ್ಲ, ಹುಟ್ಟಿದ ನೆಲ. ಭಾರತದಲ್ಲಿ ಹುಟ್ಟಿ ಕೆನಡಾದ ಪ್ರಜೆಯಾದವನೂ ಭಾರತದ ಸರದಿಯಲ್ಲೇ ನಿಲ್ಲಬೇಕು. ಭಾರತದ ಪಾಸ್‌ಪೋರ್ಟ್ ಹಿಡಿದು ಮಸ್ಕತ್‌ನಲ್ಲಿ ಹುಟ್ಟಿದವನು ಒಮಾನ್ ಲೆಕ್ಕಕ್ಕೆ ಸೇರುತ್ತಾನೆ. ಕಾನೂನು ಇನ್ನೊಂದು ದಯೆಯನ್ನೂ ತೋರಿಸಿದೆ. ಸಂಸಾರ ಒಡೆಯಬಾರದೆಂಬ ಕಾರಣಕ್ಕೆ, ಗಂಡ ಹೆಂಡತಿ ಒಟ್ಟಿಗೆ ಅರ್ಜಿ ಹಾಕಿದರೆ ಇಬ್ಬರಲ್ಲಿ ಯಾರ ಜನ್ಮದೇಶ ಅನುಕೂಲವೋ ಅದರ ಲೆಕ್ಕಕ್ಕೆ ಇಬ್ಬರನ್ನೂ ಹಾಕಬಹುದು. ಕೆಲಸ ಮಗನದು, ಅರ್ಜಿ ಮಗನ ಹೆಸರಿನದು, ದಿನಾಂಕ ಮಗನದು. ದೇಶ ಮಾತ್ರ ಸೊಸೆಯದು. ಕುವೈತ್‌ಗೆ ಬುಲೆಟಿನ್ನಿನಲ್ಲಿ ಪ್ರತ್ಯೇಕ ಕಾಲಂ ಇಲ್ಲ, ಅದು "ಉಳಿದೆಲ್ಲ ದೇಶಗಳು" ಎಂಬ ಮೊದಲ ಕಾಲಮಿನಲ್ಲಿದೆ. ಆ ಕಾಲಮಿನಲ್ಲಿ 2025ರ ಸೆಪ್ಟೆಂಬರ್ ತಿಂಗಳ ಇಬಿ-2 ದಿನಾಂಕ 2023ರಲ್ಲಿತ್ತು. ಮಗನದು 2015. ಮೇಷ್ಟ್ರೇ, ನೀವು ಇಷ್ಟು ವರ್ಷ ಬರೆದಿಟ್ಟದ್ದು ಪಕ್ಕದ ಕಾಲಮಿನ ಲೆಕ್ಕ.

ಇದನ್ನು ಬರೆಯುವಾಗ ನನಗೂ ಕಷ್ಟವಾಗುತ್ತದೆ, ಯಾಕೆಂದರೆ ಮುಂದಿನ ಪ್ರಶ್ನೆ ನಿಮಗೆ ಆಗಲೇ ಹೊಳೆದಿರುತ್ತದೆ: ಹಾಗಾದರೆ ಇಷ್ಟು ವರ್ಷ? ಹೌದು, ಮಗನಿಗಾಗಿ ಕಂಪನಿ ಹಾಕಿದ ಅರ್ಜಿ ಮಂಜೂರಾದ ಹೊತ್ತಿಗೇ ಈ ದಾರಿ ತೆರೆದಿತ್ತು ಅನ್ನಿಸುತ್ತದೆ. ಕಂಪನಿಯ ವಕೀಲರಿಗೆ ಕಂಪನಿಯೇ ಕಕ್ಷಿದಾರ. ಮೊದಲ ಹಂತವಾದ ಅಮೆರಿಕದ ಲೇಬರ್ ಇಲಾಖೆಯ ಕಡತಕ್ಕೆ ಬೇಕಾದದ್ದು ನೌಕರನ ಜನ್ಮಸ್ಥಳ, ಸೊಸೆ ಎಲ್ಲಿ ಹುಟ್ಟಿದಳೆಂದು ಬಾಯಿಬಿಟ್ಟು ಕೇಳುವವರು ಎಲ್ಲ ಕಡೆ ಇರುವುದಿಲ್ಲ. ಮಗ ಹೇಳಲಿಲ್ಲ, ಯಾಕೆಂದರೆ ಅವನ ಕಣ್ಣಿಗೆ ಅವಳು ಉಡುಪಿ ಕಡೆಯವಳು. ಕರಾವಳಿಯ ಎಷ್ಟೋ ಮನೆಗಳಲ್ಲಿ ಹೀಗೇ. ಬಹರೈನ್, ದೋಹಾ, ದುಬೈ ಎಂದು ಅಪ್ಪ ದುಡಿದ ಊರು ಪಾಸ್‌ಪೋರ್ಟಿನ ಒಂದು ಸಾಲಿನಲ್ಲಿ ಉಳಿದಿರುತ್ತದೆ, ಮನೆಯವರ ನೆನಪಿನಲ್ಲಿ ಇರುವುದಿಲ್ಲ. ಕರಾವಳಿಯವರು ಯಾರೇ ಬಂದರೂ ನಾನು ಸಂಬಳ ಕೇಳುವ ಮೊದಲು ಇಬ್ಬರೂ ಹುಟ್ಟಿದ ಊರು ಕೇಳುತ್ತೇನೆ.

ಒಂದು ಎಚ್ಚರಿಕೆ. ಮಗುವಿನ ಜನ್ಮದೇಶ ಅಪ್ಪ ಅಮ್ಮನಿಗೆ ಬಾರದು. ಅಪ್ಪ ಅಮ್ಮನದು ಮಗುವಿಗೆ ಬರುತ್ತದೆ. ಹಾಗಾಗಿ ಕುಂದಾಪುರದಲ್ಲಿ ಹುಟ್ಟಿದ ಮೊಮ್ಮಗಳನ್ನೂ ಅಮ್ಮನ ಜೊತೆ ಕುವೈತ್ ಲೆಕ್ಕಕ್ಕೇ ಸೇರಿಸಬಹುದು.

ಅವಸರ ಇರುವುದು ಅವಳದೇ. 2029ರ ಮೇ ತಿಂಗಳಲ್ಲಿ ಅವಳಿಗೆ 21 ತುಂಬುತ್ತದೆ. ನಿಮ್ಮ ತ್ರೈರಾಶಿಯನ್ನೇ ನಂಬಿದರೂ, 2030ರಲ್ಲಿ ಅಪ್ಪ ಅಮ್ಮನಿಗೆ ಕಾರ್ಡ್ ಬಂದಾಗ ಅವಳು ಕಾನೂನಿನ ಕಣ್ಣಿನಲ್ಲಿ ಮಗುವಾಗಿ ಉಳಿಯುತ್ತಿರಲಿಲ್ಲ. ನೀವು ಕೇಳದೇ ಬಿಟ್ಟ ಪ್ರಶ್ನೆ ಇದು. 2002ರ ಒಂದು ಕಾಯಿದೆ ಇಂಥ ಮಕ್ಕಳಿಗೆ ಸ್ವಲ್ಪ ಆಸರೆ ಕೊಡುತ್ತದೆ: ವೀಸಾ ಲಭ್ಯವಾದ ದಿನದ ವಯಸ್ಸಿನಿಂದ ಕಂಪನಿಯ ಅರ್ಜಿ ಇಲಾಖೆಯಲ್ಲಿ ಕೊಳೆತ ದಿನಗಳನ್ನು ಕಳೆಯಬಹುದು. ಇದರಲ್ಲೊಂದು ವಿಚಿತ್ರವಿದೆ. ಬೇಗ ಆಗಲೆಂದು ಹೆಚ್ಚುವರಿ ಶುಲ್ಕ ಕಟ್ಟಿ ಹದಿನೈದು ದಿನದಲ್ಲಿ ಮಂಜೂರು ಮಾಡಿಸಿಕೊಂಡವರಿಗೆ ಕಳೆಯಲು ಸಿಗುವುದು ಆ ಹದಿನೈದು ದಿನ ಮಾತ್ರ. ಇಲಾಖೆ ಎರಡು ವರ್ಷ ಸತಾಯಿಸಿದವನ ಮಗಳಿಗೆ ಎರಡು ವರ್ಷದ ವಿನಾಯಿತಿ!

ಕುವೈತ್ ದಾರಿಯಲ್ಲಿ ಇನ್ನೊಂದು ತೊಡಕಿದೆ. ಆ ಕಾಯಿದೆಯ ಆಸರೆ ಬೇಕಾದರೆ ವೀಸಾ ಲಭ್ಯವಾದ ಒಂದು ವರ್ಷದೊಳಗೆ ಮಗುವಿನ ಅರ್ಜಿ ಹೋಗಿರಬೇಕು. ಕುವೈತ್ ಲೆಕ್ಕದಲ್ಲಿ ಆ ವರ್ಷ ಎಂದೋ ಕಳೆದಿದೆ ಎಂದು ಅಧಿಕಾರಿ ಹೇಳಬಹುದು. ಹಾಗಾಗಿ ಆಸರೆಯನ್ನು ನಂಬಿ ಕೂರದೆ, ಅವಳಿಗೆ 21 ತುಂಬುವ ಮೊದಲೇ ತೀರ್ಮಾನ ಕೈಗೆ ಬರುವಂತೆ ಈಗಲೇ ಅರ್ಜಿ ಹಾಕಿಸಿ. ಸಮಯವಿದೆ, ಆದರೆ ಮುಂದಿನ ದಸರಾವರೆಗೆ ನೋಡೋಣ ಎನ್ನುವಷ್ಟಿಲ್ಲ.

ಮಗ ಮಾಡಬೇಕಾದದ್ದು ಇಷ್ಟು. ಗ್ರೀನ್ ಕಾರ್ಡಿನ ಅಂತಿಮ ಅರ್ಜಿಗೆ ಐ-485 ಎಂದು ಹೆಸರು. ಮೂವರದೂ ಒಂದೇ ಲಕೋಟೆಯಲ್ಲಿ, ವೈದ್ಯಕೀಯ ತಪಾಸಣೆಯ ವರದಿ ಸಹಿತ ಹೋಗಬೇಕು. ಸೊಸೆಯ ದೇಶದ ಲೆಕ್ಕಕ್ಕೆ ಹಾಕಬೇಕೆಂದು ಜೊತೆಯ ಪತ್ರದ ಮೊದಲ ಸಾಲಿನಲ್ಲೇ ಬರೆಯಬೇಕು. ಇಲ್ಲದಿದ್ದರೆ ಮಗನ ಜನ್ಮಸ್ಥಳ ನೋಡಿ ಗುಮಾಸ್ತ ಅದನ್ನು ಹಾಗೇ ವಾಪಸ್ ಕಳಿಸಿಬಿಟ್ಟಾನು. ಬುಲೆಟಿನ್ನಿನಲ್ಲಿ ಎರಡು ಪಟ್ಟಿಗಳಿರುತ್ತವೆ, ಕಾರ್ಡ್ ಕೊಡುವುದಕ್ಕೆ ಒಂದು, ಅರ್ಜಿ ಹಾಕುವುದಕ್ಕೆ ಇನ್ನೊಂದು. ಈ ತಿಂಗಳು ಯಾವುದನ್ನು ನೋಡಬೇಕೆಂದು ವಲಸೆ ಇಲಾಖೆ ಹೇಳುತ್ತದೆ. ಮಗನಿಗೆ ಎರಡರಲ್ಲೂ ತೊಂದರೆ ಕಾಣುವುದಿಲ್ಲ. ವರ್ಷದ ಕೋಟಾ ಮೊದಲೇ ಮುಗಿದರೆ ಅಕ್ಟೋಬರ್‌ವರೆಗೆ ಕಾಯಬೇಕಾದೀತು, ಅಷ್ಟೇ. ಅವನು 2015ರ ನಂತರ ಕಂಪನಿ ಬದಲಿಸಿದ್ದಾನೆಯೇ ಎಂದು ನೀವು ಬರೆದಿಲ್ಲ. ಬದಲಿಸಿದ್ದರೆ ಈಗಿನ ಕಂಪನಿ ಲೇಬರ್ ಇಲಾಖೆಯಿಂದ ಮತ್ತೆ ಶುರು ಮಾಡಬೇಕು, ಅದಕ್ಕೆ ವರ್ಷದ ಮೇಲೆ ಹಿಡಿಯುತ್ತದೆ. ಆದರೆ ಹಳೆಯ ಅರ್ಜಿ ಮಂಜೂರಾಗಿದ್ದರೆ 2015ರ ಮಾರ್ಚ್ ಎಂಬ ದಿನಾಂಕ ಅವನ ಜೊತೆಗೇ ಬರುತ್ತದೆ. ಮೊಮ್ಮಗಳ ವಯಸ್ಸಿನ ದೃಷ್ಟಿಯಿಂದ, ಹೊಸ ಕಂಪನಿ ಶುರು ಮಾಡಿಲ್ಲವಾದರೆ ಮಗ ನಾಳೆಯೇ ಮಾನವ ಸಂಪನ್ಮೂಲ ವಿಭಾಗದ ಬಾಗಿಲು ತಟ್ಟಲಿ. ಮತ್ತು ಕಂಪನಿಯ ವಕೀಲರಲ್ಲದೆ ತನ್ನದೇ ಖರ್ಚಿನಲ್ಲಿ ಬೇರೊಬ್ಬ ವಲಸೆ ವಕೀಲರಿಗೆ ಒಂದು ಗಂಟೆ ತೋರಿಸಲಿ.

ಉಳಿದದ್ದು ಕಾಗದ, ಅದು ನಿಮ್ಮ ಕಡೆಯ ಕೆಲಸ. ಪಾಸ್‌ಪೋರ್ಟ್ ಒಂದೇ ಸಾಲದು, ಸೊಸೆಯ ಜನನ ಪ್ರಮಾಣಪತ್ರ ಬೇಕು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್‌ಗೆ ನುಗ್ಗಿದಾಗ ಮರುಭೂಮಿ ದಾಟಿ ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬಂದ ಲಕ್ಷಕ್ಕೂ ಹೆಚ್ಚು ಜನರಲ್ಲಿ ಈ ಸಂಸಾರವೂ ಒಂದಿರಬೇಕು. ಬರಿಗೈ ಎಂದು ನೀವು ಬರೆದಿದ್ದೀರಿ. ಆದರೂ ಇಂಥ ಸಂಸಾರಗಳ ಹೆಂಗಸರು ಚಿನ್ನದ ಜೊತೆ ಮಕ್ಕಳ ಕಾಗದವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದನ್ನು ನಾನು ಕಂಡಿದ್ದೇನೆ. ಬೀಗಿತ್ತಿಯವರಿಗೆ ಫೋನ್ ಮಾಡಿ, ಹಳೆಯ ಟ್ರಂಕು ತೆಗೆಸಿ. ಅರಬ್ಬಿಯಲ್ಲಿ ಅಚ್ಚಾದ ಕಾಗದ, ಮೇಲೆ ಕುವೈತ್ ಆರೋಗ್ಯ ಸಚಿವಾಲಯದ ಹೆಸರಿರುತ್ತದೆ. ಅದಕ್ಕೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ ಮಾಡಿಸಬೇಕು. ಮಗು ಹುಟ್ಟಿದಾಗ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿದ್ದರೆ ಆ ಕಾಗದವೂ ಇರಬಹುದು, ತಾಯಿಯ ಹಳೆಯ ಪಾಸ್‌ಪೋರ್ಟಿನಲ್ಲಿ ಮಗುವಿನ ಹೆಸರು ಸೇರಿಸಿದ್ದರೂ ಇರಬಹುದು. ಯಾವುದೂ ಸಿಗದಿದ್ದರೆ, ಸಿಗುವುದಿಲ್ಲ ಎಂಬುದಕ್ಕೆ ಕುವೈತ್ ಕಡೆಯಿಂದ ಒಂದು ಪತ್ರ, ಜೊತೆಗೆ ಹುಟ್ಟಿದ್ದನ್ನು ಕಣ್ಣಾರೆ ಬಲ್ಲ ಇಬ್ಬರ ಅಫಿಡವಿಟ್ ಬೇಕಾಗುತ್ತದೆ, ಬೀಗಿತ್ತಿಯವರೇ ಒಬ್ಬರಾಗಬಹುದು. ಸಿಕ್ಕಿದ ಕಾಗದದಲ್ಲಿ ಹೆಸರಿನ ಅಕ್ಷರಗಳನ್ನು ಮಾತ್ರ ಭೂತಗನ್ನಡಿ ಹಿಡಿದು ನೋಡಿ. ಅರಬ್ಬಿಯಲ್ಲಿ ಪ-ಕಾರವಿಲ್ಲ, ಅಲ್ಲಿ ಹುಟ್ಟಿದ ಪದ್ಮಾ ಕಾಗದದಲ್ಲಿ ಬದ್ಮಾ ಆಗಿರುತ್ತಾಳೆ. ಹಾಗಿದ್ದರೆ ಎರಡೂ ಹೆಸರು ಒಬ್ಬಳದೇ ಎಂಬ ಅಫಿಡವಿಟ್ಟನ್ನು ಕುಂದಾಪುರದ ನೋಟರಿಯ ಬಳಿ ಈ ವಾರವೇ ಮಾಡಿಸಿ.